ಹಳೇ ಡೆಸ್ಕ್‌ಟಾಪು, ಜೋಡಿ ಡಿಸ್ಕು: ಎರಡು ಮಳೆಗಾಲ ಕಂಡ ಮೇಲೆ

ಮೊದಲೇ ಹೇಳಿಬಿಡುತ್ತೇನೆ. 2011ರ ಕಾಲದ ಡೆಸ್ಕ್‌ಟಾಪಿಗೆ ಎರಡು ಹೊಸ ಹಾರ್ಡ್ ಡಿಸ್ಕ್ ಹಾಕಿ, ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ವಿಧಾನ) ಮೇಲೆ ಇಡೀ ಸಿಸ್ಟಂ ಕೂರಿಸಿದ್ದೇನೆ. ಯಾವ ಡಿಸ್ಕ್ ಕೈಕೊಟ್ಟರೂ ಉಳಿದ ಇನ್ನೊಂದರಿಂದ ಮಷಿನ್ ಏಳಬೇಕು. ಈಗ ಏಳುತ್ತದೆ. ಆದರೆ ಇನ್‌ಸ್ಟಾಲ್ ಮುಗಿದ ದಿನ ಏಳುತ್ತಿರಲಿಲ್ಲ. ಕೇಬಲ್ ಕಿತ್ತು ನೋಡದೇ ಇದ್ದಿದ್ದರೆ ಅದು ನನಗೆ ಗೊತ್ತೂ ಆಗುತ್ತಿರಲಿಲ್ಲ. ಈ ವಿಮರ್ಶೆ ಬರೆಯಲು ಮುಖ್ಯ ಕಾರಣ ಅದೇ.

ಶಿರಸಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮಾರಿಗುಡಿಯಿಂದ ನಡೆದು ಬರುವಷ್ಟೇ ದೂರ. ಮದುವೆ, ಉಪನಯನ, ಗೃಹಪ್ರವೇಶ, ಮಳೆಗಾಲ ಮುಗಿದರೆ ಯಕ್ಷಗಾನ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. 2016ರ ಜಾತ್ರೆಯ ಫೋಟೋಗಳೆಲ್ಲ ಒಂದೇ ಡಿಸ್ಕಿನಲ್ಲಿದ್ದವು. 2023ರ ಜುಲೈನಲ್ಲಿ ಆ ಡಿಸ್ಕು ಟಿಕ್ ಟಿಕ್ ಅಂತ ಸದ್ದು ಮಾಡಲು ಶುರುಮಾಡಿತು. ಮೂರನೇ ದಿನ ಕಾಣಿಸಲೇ ಇಲ್ಲ.

ಆ ವರ್ಷ ದೀಪಾವಳಿ ಹೊತ್ತಿಗೆ ಹುಲೇಕಲ್ ಕಡೆಯವರೊಬ್ಬರು ಅಂಗಡಿಗೆ ಬಂದರು. ಅವರ ತಾಯಿ ತೀರಿಕೊಂಡಿದ್ದರು. 2016ರ ಜಾತ್ರೆಯಲ್ಲಿ, ದೇವಿಯನ್ನು ಕೂರಿಸುವ ಬಿಡಕಿಬೈಲಿನ ಗದ್ದುಗೆ ಮುಂದಿನ ಸಾಲಿನಲ್ಲಿ ಆ ತಾಯಿ ನಿಂತಾಗ ನಾನು ಅವರದೊಂದು ಫೋಟೋ ತೆಗೆದಿದ್ದೆ, ಅದು ಬೇಕಿತ್ತು. ನನಗೂ ಆ ಫೋಟೋ ಚೆನ್ನಾಗಿ ನೆನಪಿತ್ತು. ಹಸಿರು ಸೀರೆ, ಕೈಯಲ್ಲಿ ಹಣ್ಣುಕಾಯಿ ಬುಟ್ಟಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿದ್ದರು. ಫೈಲು ಮಾತ್ರ ಇರಲಿಲ್ಲ. "ಅಡ್ಡಿಲ್ಲ ಬಿಡಿ" ಅಂತ ಹೇಳಿ ಹೊರಟರು. ಬೈದಿದ್ದರೆ ಇಷ್ಟು ಬೇಜಾರು ಆಗುತ್ತಿರಲಿಲ್ಲ. ಆವತ್ತೇ ಗಟ್ಟಿ ಮಾಡಿದೆ, ಇನ್ನು ಮುಂದೆ ಯಾವ ಫೋಟೋನೂ ಒಂದೇ ಕಡೆ ಇರಬಾರದು ಅಂತ.

2024ರ ಜಾತ್ರೆ, ಅದರ ಹಿಂದೆಯೇ ಮದುವೆ ಸೀಸನ್. ಎಲ್ಲ ಮುಗಿದ ಮೇಲೆ ಮೇ ಕೊನೆಗೆ ಕೈಹಾಕಿದೆ. ಎಡಿಟಿಂಗ್‌ಗೆ ಹೊಸ ಮಷಿನ್ ಬಂದು ಎರಡು ವರ್ಷ ಆಗಿತ್ತು. ಹಳೆಯದು ಮೂಲೆಯಲ್ಲಿತ್ತು. ಕೋರ್ ಐ3 2120 ಪ್ರೊಸೆಸರ್, ಎಚ್61 ಬೋರ್ಡು, 8 ಜಿಬಿ ರ್ಯಾಮ್. ಫೋಟೋ ಇಟ್ಟುಕೊಂಡು ಕೇಳಿದಾಗ ಕೊಡುವ ಕೆಲಸಕ್ಕೆ ಇಷ್ಟು ಧಾರಾಳ ಸಾಕು. ಬೋರ್ಡಿನಲ್ಲಿ ಡಿಸ್ಕು ಸಿಕ್ಕಿಸುವ ನಾಲ್ಕು ಸಾಟಾ ಪೋರ್ಟ್ ಇವೆ. ನಾಲ್ಕೂ ಹಳೇ ವೇಗದವು, ಅಂದರೆ ಸೆಕೆಂಡಿಗೆ ಸುಮಾರು 300 ಎಂಬಿ. ತಿರುಗುವ ಡಿಸ್ಕು ಅಷ್ಟು ಜೋರಾಗಿ ಓಡುವುದೇ ಇಲ್ಲ. ನೆಟ್‌ವರ್ಕ್ ಕೇಬಲಿನಲ್ಲಿ ಹೋಗುವುದು ಅದಕ್ಕಿಂತಲೂ ಕಡಿಮೆ. ಹಾಗಾಗಿ ಪೋರ್ಟ್ ಹಳೆಯದು ಅಂತ ತಲೆ ಕೆಡಿಸಿಕೊಳ್ಳುವ ಅಗತ್ಯ ಬರಲಿಲ್ಲ.

ನಮ್ಮ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗನೊಬ್ಬ ಇದ್ದಾನೆ. ಅವನನ್ನು ಕರೆದೆ. ಬಯಾಸ್ (ಮಷಿನ್ ಆನ್ ಆದಾಗ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ತೆರೆದು ನೋಡಿ, "ಅಣ್ಣಾ, ಇದರಲ್ಲಿ ರೇಡ್ ಅನ್ನೋ ಆಯ್ಕೆನೇ ಇಲ್ಲ" ಅಂದ. ನಿಜ, ಎಚ್61 ಚಿಪ್‌ಸೆಟ್ಟಿಗೆ ಅದು ಇಲ್ಲ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕೇಳಿದಾಗ ಅಗ್ಗದ ರೇಡ್ ಕಾರ್ಡು ತೋರಿಸಿದ್ದರು. ಕಾರ್ಡು ಸುಟ್ಟರೆ ಡಿಸ್ಕು ಓದಲು ಅಂಥದ್ದೇ ಕಾರ್ಡು ಬೇಕಾಗುತ್ತದಾ ಎಂದು ಕೇಳಿದೆ. ಸರಿಯಾದ ಉತ್ತರ ಸಿಗಲಿಲ್ಲ. ತಗೊಳ್ಳಲಿಲ್ಲ.

ಉಳಿದಿದ್ದು ಲಿನಕ್ಸಿನ ಎಂಡಿಎಡಿಎಂ ಎಂಬ ರೇಡ್ ಪ್ರೋಗ್ರಾಂ. ಇದಕ್ಕೆ ಕಾರ್ಡು ಬೇಡ, ದುಡ್ಡೂ ಬೇಡ. ಎರಡು ಡಿಸ್ಕಿನಲ್ಲೂ ಅದೇ ಡೇಟಾ ಬರೆಯುವ ಕೆಲಸವನ್ನು ಲಿನಕ್ಸಿನ ತಿರುಳಾದ ಕರ್ನಲ್ ತಾನೇ ಮಾಡುತ್ತದೆ. ಇದಕ್ಕೆ ರೇಡ್ ಒಂದು ಅಂತ ಹೆಸರು, ಜನ ಮಿರರ್ ಅನ್ನುತ್ತಾರೆ. ನನಗೆ ಇಷ್ಟವಾದ ಗುಣ ಏನೆಂದರೆ, ಬೋರ್ಡು ಸುಟ್ಟುಹೋದರೂ ಆ ಡಿಸ್ಕನ್ನು ಲಿನಕ್ಸ್ ಇರುವ ಬೇರೆ ಯಾವ ಮಷಿನ್ನಿಗೆ ಹಾಕಿದರೂ ಓದಬಹುದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಗುಡುಗು ಸಿಡಿಲು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ ಅಲ್ವಾ. ಬೋರ್ಡು ಸುಡುವುದು ನಮಗೆ ಬರೀ ಮಾತಲ್ಲ.

ರೇಡ್ ಅನ್ನುವ ಹೆಸರು 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಎಂಬ ಮೂವರ ಪ್ರಬಂಧದಿಂದ ಬಂದದ್ದು. ಆ ಹೆಸರಿನಲ್ಲಿರುವ 'ಐ' ಅಕ್ಷರಕ್ಕೆ ಅವರು ಹೇಳಿದ್ದ ಅರ್ಥ 'ಅಗ್ಗದ' ಅಂತ. ದುಬಾರಿ ಡಿಸ್ಕು ಒಂದರ ಬದಲು ಅಗ್ಗದ ಡಿಸ್ಕು ಹಲವು. ನನ್ನಂಥ ಸಣ್ಣ ಅಂಗಡಿಯವನಿಗೆ ಇದು ಹೇಳಿ ಮಾಡಿಸಿದಂತಿದೆ.

ಆದರೂ ಡಿಸ್ಕಿನಲ್ಲಿ ತೀರಾ ಅಗ್ಗದ್ದಕ್ಕೆ ಹೋಗಬೇಡಿ. ಎರಡು ವಿಷಯ ನೋಡಿಯೇ ತಗೊಳ್ಳಿ. ಮೊದಲನೆಯದು, ಅದು ಸಿಎಂಆರ್ (ಡೇಟಾ ಗೆರೆಗಳು ಒಂದರ ಮೇಲೊಂದು ಏರದ) ಡಿಸ್ಕು ಆಗಿರಬೇಕು, ಎಸ್‌ಎಂಆರ್ ಆಗಬಾರದು. ಎಸ್‌ಎಂಆರ್ ಡಿಸ್ಕಿನಲ್ಲಿ ಡೇಟಾ ಬರೆಯುವ ಗೆರೆಗಳು ಹಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಸ್ವಲ್ಪ ಏರಿಕೊಂಡಿರುತ್ತವೆ. ಕೆಳಗಿನ ಒಂದು ಹಂಚು ಬದಲಿಸಬೇಕಾದರೆ ಮೇಲಿನ ಸಾಲನ್ನೂ ಎತ್ತಬೇಕು, ಹಾಗೆ. ಸುಮ್ನೆ ಫೈಲು ತುಂಬಿ ಎತ್ತಿಡಲು ಅದು ಸಾಕು. ಆದರೆ ಒಂದು ಡಿಸ್ಕು ಹೋಗಿ ಹೊಸತು ಹಾಕಿದಾಗ ಶುರುವಿನಿಂದ ಕೊನೆವರೆಗೆ ಬರೆಯಬೇಕಲ್ಲ, ಆಗ ತುಂಬಾ ನಿಧಾನ ಆಗುತ್ತದೆ. ಎರಡನೆಯದು, ನ್ಯಾಸ್‌ಗೆ (ನೆಟ್‌ವರ್ಕಿನಲ್ಲಿ ಫೈಲು ಇಟ್ಟುಕೊಡುವ ಪೆಟ್ಟಿಗೆ) ಅಂತಲೇ ಮಾಡಿದ ಡಿಸ್ಕು ಒಳ್ಳೆಯದು. ಓದಲು ಬಾರದ ಜಾಗ ಸಿಕ್ಕಾಗ ಮಾಮೂಲಿ ಡಿಸ್ಕು ಅದರ ಮೇಲೆಯೇ ಬಹಳ ಹೊತ್ತು ಒದ್ದಾಡಬಹುದು. ಲಿನಕ್ಸ್ 30 ಸೆಕೆಂಡು ಕಾದು, ಡಿಸ್ಕೇ ಹೋಯಿತು ಅಂದುಕೊಳ್ಳುತ್ತದೆ. ನ್ಯಾಸ್ ಡಿಸ್ಕು ಸುಮಾರು 7 ಸೆಕೆಂಡಿನಲ್ಲೇ 'ಇಷ್ಟು ಓದಕ್ಕಾಗಲ್ಲ' ಎಂದು ಒಪ್ಪಿಕೊಳ್ಳುತ್ತದೆ. ಆಗ ರೇಡ್ ಆ ಭಾಗವನ್ನು ಇನ್ನೊಂದು ಡಿಸ್ಕಿನಿಂದ ಓದಿ ಇಲ್ಲಿ ಸರಿಯಾಗಿ ಬರೆದಿಡುತ್ತದೆ.

ನಾನು ತಂದಿದ್ದು 4 ಟಿಬಿಯ ಸೀಗೇಟ್ ಐರನ್‌ವುಲ್ಫ್ ಒಂದು, 4 ಟಿಬಿಯ ಡಬ್ಲ್ಯೂಡಿ ರೆಡ್ ಪ್ಲಸ್ ಒಂದು. ಎರಡೂ ಸಿಎಂಆರ್, ಎರಡಕ್ಕೂ 3 ವರ್ಷ ವಾರಂಟಿ. ಒಂದಕ್ಕೆ 10 ಸಾವಿರ ರೂಪಾಯಿ ಆಸುಪಾಸು ಬಿತ್ತು. ಬೇಕಂತಲೇ ಬೇರೆ ಬೇರೆ ಕಂಪನಿಯದು ತಂದೆ. ಒಂದೇ ಕಂಪನಿ, ಒಂದೇ ದಿನ ತಯಾರಾದ ಜೋಡಿ ತಂದರೆ ಎರಡೂ ಒಟ್ಟಿಗೇ ಕೈಕೊಡುವ ಭಯ ಇರುತ್ತದೆ. ಇಲ್ಲಿಯವರೆಗೆ ಎರಡರ ಬಗ್ಗೆಯೂ ನನ್ನದು ಒಂದು ದೂರೂ ಇಲ್ಲ.

ಡೆಬಿಯನ್ 12 ಹಾಕಿದೆ. ಅದರ ಗ್ರಾಫಿಕಲ್ ಇನ್‌ಸ್ಟಾಲರ್‌ನ ಭಾಷೆ ಪಟ್ಟಿಯಲ್ಲಿ ಕನ್ನಡವೂ ಇದೆ. ನೋಡಿ ಖುಷಿಯಾಯಿತು. ಡಿಸ್ಕು ಪಾಲು ಮಾಡುವ ಪರದೆಗೆ ಬಂದಾಗ ಮಾತ್ರ ಮೊದಲ ಸಲದವರಿಗೆ ಕಷ್ಟ. ಮೊದಲು ಪಾಲು ಮಾಡಿ, ಆ ಪಾಲುಗಳನ್ನು ರೇಡ್‌ಗೆ ಅಂತ ಗುರುತು ಮಾಡಿ, ಆಮೇಲೆ ಜೋಡಿ ಕಟ್ಟಿ, ಆ ಜೋಡಿಯ ಮೇಲೆ ಫೈಲ್ ಸಿಸ್ಟಂ ಹಾಕಬೇಕು. ಒಂದು ಹೆಜ್ಜೆ ತಪ್ಪಿದರೆ ಹಿಂದೆ ಬಂದು ಮತ್ತೆ ಶುರು. ನಾನು ಎರಡು ಸಲ ಹಿಂದೆ ಬಂದೆ. ಒಂದು ಹಾಳೆಯಲ್ಲಿ ಮೊದಲೇ ಬರೆದುಕೊಂಡು ಕೂತರೆ ಅರ್ಧ ಕಷ್ಟ ಕಡಿಮೆ.

ನಾನು ಮಾಡಿದ ಪಾಲು ಹೀಗಿದೆ. ಎರಡೂ ಡಿಸ್ಕಿನ ಶುರುವಿನಲ್ಲಿ 1 ಎಂಬಿಯ ಒಂದು ಚಿಕ್ಕ ಬಯಾಸ್ ಬೂಟ್ ಪಾಲು. ಡಿಸ್ಕಿನ ಪಾಲುಗಳ ಲೆಕ್ಕ ಇಡುವ ಹಳೇ ಎಂಬಿಆರ್ ವಿಧಾನದಲ್ಲಿ ಸುಮಾರು 2 ಟಿಬಿಗಿಂತ ಜಾಸ್ತಿ ಲೆಕ್ಕಕ್ಕೆ ಸಿಗುವುದಿಲ್ಲ, ಆದ್ದರಿಂದ 4 ಟಿಬಿಗೆ ಹೊಸ ಜಿಪಿಟಿ ವಿಧಾನ ಬೇಕೇ ಬೇಕು. ಹಳೇ ಥರದ ಬಯಾಸ್‌ನಲ್ಲಿ ಜಿಪಿಟಿ ಡಿಸ್ಕಿನಿಂದ ಬೂಟ್ ಆಗಲು ಗ್ರಬ್‌ಗೆ (ಲಿನಕ್ಸನ್ನು ಏಳಿಸುವ ಪ್ರೋಗ್ರಾಂ) ಈ 1 ಎಂಬಿ ಜಾಗ ಬೇಕು. ಅದರ ಬೆನ್ನಿಗೇ 1 ಜಿಬಿಯ ಬೂಟ್ ಪಾಲು, ಜೋಡಿಯಾಗಿ. ಕೆಲವು ಹಳೇ ಬಯಾಸ್‌ಗಳಿಗೆ ದೊಡ್ಡ ಡಿಸ್ಕಿನ ದೂರದ ಭಾಗ ಓದಲು ಬರುವುದಿಲ್ಲ, ಹಾಗಾಗಿ ಬೂಟ್ ಪಾಲು ಮುಂದೆಯೇ ಇದ್ದರೆ ಚಿಂತೆ ಇಲ್ಲ. ಆಮೇಲೆ ಸಿಸ್ಟಂಗೆ 40 ಜಿಬಿ, ಸ್ವಾಪ್‌ಗೆ (ರ್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) 4 ಜಿಬಿ, ಉಳಿದದ್ದೆಲ್ಲ ಫೋಟೋಗೆ. ಸ್ವಾಪನ್ನೂ ಜೋಡಿ ಮೇಲೆಯೇ ಇಟ್ಟೆ. ಅದೊಂದನ್ನು ಒಂಟಿ ಡಿಸ್ಕಿನಲ್ಲಿ ಬಿಟ್ಟರೆ, ಆ ಡಿಸ್ಕು ಹೋದ ಗಳಿಗೆ ಓಡುತ್ತಿರುವ ಮಷಿನ್ ಅಲ್ಲೇ ಬೀಳಬಹುದು. ಕೊನೆಯಲ್ಲಿ ಒಂದಿಷ್ಟು ಜಾಗ ಖಾಲಿ ಬಿಟ್ಟೆ. ನಾಳೆ ತರುವ ಡಿಸ್ಕು ಅಳತೆಯಲ್ಲಿ ಕೂದಲೆಳೆಯಷ್ಟು ಚಿಕ್ಕದಿದ್ದರೂ ಜೋಡಿಗೆ ಸೇರಬೇಕಲ್ಲ.

ಫೋಟೋ ಪಾಲಿಗೆ ಮಾತ್ರ ಜೋಡಿ ಮಾಡಿದ್ದರೆ ಸಾಕಿತ್ತಲ್ಲ, ಸಿಸ್ಟಂ ಬೇಕಾದರೆ ಮತ್ತೆ ಹಾಕಿಕೊಳ್ಳಬಹುದು ಅಂತ ಹುಡುಗ ಕೇಳಿದ. ಮಾತು ಸರಿಯೇ. ಆದರೆ ಡಿಸ್ಕು ಕೈಕೊಡುವುದು ಪುರುಸೊತ್ತಿರುವ ದಿನವೇ ಅಂತ ಏನಿಲ್ಲ. ಮೂರು ಮದುವೆ ಇರುವ ವಾರದಲ್ಲಿ ಸಿಸ್ಟಂ ಹಾಕುತ್ತ ಕೂರಲು ನನಗೆ ಆಗುವುದಿಲ್ಲ. ಪಟ್ಟನೆ ಏಳಬೇಕು, ಕೆಲಸ ನಡೆಯಬೇಕು, ಹೊಸ ಡಿಸ್ಕು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವವರೆಗೆ ಕಾಯಬೇಕು.

ಇನ್‌ಸ್ಟಾಲ್ ಆದ ಮೇಲೆ ಎರಡು ಡಿಸ್ಕು ಒಂದೇ ಥರ ಆಗಲು ಎಂಟೂವರೆ ಗಂಟೆ ಹಿಡಿಯಿತು. ಎಂಡಿಸ್ಟ್ಯಾಟ್ ಎಂಬ ಫೈಲು ತೆರೆದರೆ ಎಷ್ಟು ಪರ್ಸೆಂಟ್ ಆಗಿದೆ ಎಂದು ಕಾಣುತ್ತದೆ. ಮುಗಿದಾಗ ಚೌಕ ಕಂಸದೊಳಗೆ 'ಯು ಯು' ಅಂತ ಎರಡು ಅಕ್ಷರ ಬರುತ್ತದೆ. ಒಂದು ಡಿಸ್ಕು ಹೋಗಿದ್ದರೆ ಒಂದು 'ಯು' ಇದ್ದ ಜಾಗದಲ್ಲಿ ಅಡ್ಡಗೆರೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ ಎರಡೂ 'ಯು' ಇದ್ದವು. ಕೆಲಸ ಮುಗಿಯಿತು ಅಂತ ಬಿಟ್ಟುಬಿಡಬಹುದಿತ್ತು.

ಹುಡುಗನೇ ಹೇಳಿದ, "ಕಿತ್ತು ನೋಡೋಣ ಅಣ್ಣಾ." ಮಷಿನ್ ಆಫ್ ಮಾಡಿ, ಮೊದಲ ಡಿಸ್ಕಿನ ಕೇಬಲ್ ತೆಗೆದು, ಆನ್ ಮಾಡಿದೆವು. ಕಪ್ಪು ಪರದೆ. ಎಡಗಡೆ ಮೇಲೆ ಒಂದು ಸಣ್ಣ ಗೆರೆ ಮಿನುಗುತ್ತಿತ್ತು, ಅಷ್ಟೇ. ಐದು ನಿಮಿಷ ಕಾದೆವು. ಏನೂ ಇಲ್ಲ. ಎದೆ ಧಸಕ್ ಅಂದಿತು. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಸಾಮಾನು ಎರಡೂ ಕಡೆ ಇದೆ, ಒಳಗೆ ಹೋಗೋ ಬಾಗಿಲು ಒಂದೇ ಕಡೆ ಇಟ್ಟಿದ್ದೇವೆ" ಅಂದ.

ಅವನು ಹೇಳಿದ್ದು ಸರಿಯಾಗಿತ್ತು. ಮಷಿನ್ ಆನ್ ಆದಾಗ ಬಯಾಸ್ ಮೊದಲು ಹುಡುಕುವುದು ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು. ಅಲ್ಲಿಂದ 1 ಎಂಬಿ ಪಾಲಿನಲ್ಲಿರುವ ಗ್ರಬ್‌ಗೆ, ಅಲ್ಲಿಂದ ಬೂಟ್ ಪಾಲಿಗೆ. ಈ ಮೊದಲ ಎರಡು ಮೆಟ್ಟಿಲು ರೇಡ್‌ನ ಹೊರಗಿವೆ. ರೇಡ್ ಅವನ್ನು ನಕಲು ಮಾಡುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ಗ್ರಬ್ ಎಲ್ಲಿ ಹಾಕಲಿ ಅಂತ ಕೇಳಿತ್ತು, ನಾನು ಮೊದಲ ಡಿಸ್ಕು ಆರಿಸಿದ್ದೆ. ಎರಡನೆಯದರಲ್ಲಿ ಆ 1 ಎಂಬಿ ಖಾಲಿಯೇ ಇತ್ತು.

ಸರಿಮಾಡಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಕೇಬಲ್ ವಾಪಸ್ ಹಾಕಿ, ಮಷಿನ್ ಏಳಿಸಿ, ಗ್ರಬ್ ಪಿಸಿ ಎಂಬ ಪ್ಯಾಕೇಜನ್ನು ಮತ್ತೆ ಕಾನ್ಫಿಗರ್ ಮಾಡುವ ಆಜ್ಞೆ ಕೊಟ್ಟೆವು. ಡಿಸ್ಕುಗಳ ಪಟ್ಟಿ ಬಂತು. ಸ್ಪೇಸ್ ಬಾರ್ ಒತ್ತಿ ಎರಡಕ್ಕೂ ಗುರುತು ಹಾಕಿದೆವು. ಹೀಗೆ ಮಾಡಿದರೆ ಮುಂದೆ ಗ್ರಬ್ ಅಪ್‌ಡೇಟ್ ಆದಾಗಲೂ ಎರಡೂ ಕಡೆ ಬರೆಯುತ್ತದೆ. ಕೈಯಿಂದ ಒಂದೇ ಸಲ ಎರಡನೇ ಡಿಸ್ಕಿಗೆ ಹಾಕಿ ಬಿಟ್ಟರೆ ಅದು ಆಗುವುದಿಲ್ಲ, ಆದ್ದರಿಂದ ಈ ದಾರಿಯೇ ವಾಸಿ.

ಮತ್ತೆ ಕಿತ್ತೆವು. ಈ ಸಲ ಗ್ರಬ್ ಪರದೆ ಬಂತು. ಇನ್ನೊಂದು ಡಿಸ್ಕು ಬರುತ್ತದೇನೋ ಅಂತ ಸ್ವಲ್ಪ ಹೊತ್ತು ಕಾದು, ಆಮೇಲೆ ಒಂಟಿಯಾಗಿಯೇ ಎದ್ದಿತು. ಫೋಟೋಗಳೆಲ್ಲ ಇದ್ದವು. ಆಗ ಜೀವ ಬಂತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಒಂದು ಡಿಸ್ಕು ಕಿತ್ತು ಪರೀಕ್ಷೆ ಮಾಡಿದ ಮೇಲೆ ಅದನ್ನು ವಾಪಸ್ ಹಾಕಿ, ಜೋಡಿಗೆ ಸೇರಿಸಿ, ಎರಡೂ 'ಯು' ಬಂದಿದೆಯಾ ನೋಡಿ, ಆಮೇಲೆಯೇ ಇನ್ನೊಂದನ್ನು ಕೀಳಿ. ಹಾಗೆ ಮಾಡದೆ ಇದನ್ನು ಹಾಕಿ ಅದನ್ನು ಕಿತ್ತು ಬೂಟ್ ಮಾಡಿದರೆ, ಎರಡು ಡಿಸ್ಕಿನಲ್ಲೂ ಬೇರೆ ಬೇರೆ ಬರವಣಿಗೆ ಆಗಿ, ಯಾವುದು ಸರಿ ಅಂತ ಹೇಳುವವರೇ ಇಲ್ಲದ ಹಾಗೆ ಆಗುತ್ತದೆ. ಕಿತ್ತ ಡಿಸ್ಕು ತಾನಾಗಿಯೇ ಜೋಡಿಗೆ ಸೇರುತ್ತದೆ ಅಂತ ನಂಬಿ ಕೂರಬೇಡಿ. ನಮ್ಮದರಲ್ಲಿ ಆಜ್ಞೆ ಕೊಟ್ಟೇ ಸೇರಿಸಬೇಕಾಯಿತು. ಮತ್ತೆ ಎಂಟು ಗಂಟೆ ಕಾಯಬೇಕೇನೋ ಅಂದುಕೊಂಡಿದ್ದೆ, ಕೆಲವೇ ನಿಮಿಷದಲ್ಲಿ ಮುಗಿಯಿತು. ರೇಡ್ ಬಿಟ್‌ಮ್ಯಾಪ್ ಅಂತ ಒಂದು ಲೆಕ್ಕದ ಪುಸ್ತಕ ಇಟ್ಟುಕೊಂಡಿರುತ್ತದೆ. ಎಲ್ಲೆಲ್ಲಿ ಬದಲಾವಣೆ ಆಗಿದೆಯೋ ಅಷ್ಟನ್ನು ಮಾತ್ರ ಬರೆದುಕೊಳ್ಳುತ್ತದೆ.

ಇನ್ನೊಂದು ಸಣ್ಣ ಕೆಲಸ, ಆದರೆ ತಪ್ಪಿಸಬೇಡಿ. ಆಲ್ಬಂ ಮೇಲೆ ಹೆಸರು ಬರೆಯುವ ಬಿಳಿ ಸ್ಟಿಕರಿನಲ್ಲಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದು, ಡಿಸ್ಕಿನ ಕಣ್ಣಿಗೆ ಕಾಣುವ ಬದಿಗೂ ಅದರ ಕೇಬಲಿಗೂ ಅಂಟಿಸಿದ್ದೇನೆ. ಸಿಸ್ಟಂನಲ್ಲಿ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರು ಪೋರ್ಟ್ ಬದಲಾದರೆ ಅದಲುಬದಲಾಗಬಹುದು. ಸೀರಿಯಲ್ ನಂಬರ್ ಬದಲಾಗುವುದಿಲ್ಲ. ಒಂದು ಡಿಸ್ಕು ಸತ್ತ ದಿನ ಗಾಬರಿಯಲ್ಲಿ ಬದುಕಿರುವುದನ್ನು ಕಿತ್ತರೆ ಏನು ಗತಿ?

ಎರಡು ಮಳೆಗಾಲದಲ್ಲಿ ಏನೇನಾಯಿತು ಅಂತ ಹೇಳುತ್ತೇನೆ. ಮೊದಲ ಜೂನ್‌ನಲ್ಲೇ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತೋ ಲೆಕ್ಕ ಇಲ್ಲ. ಯುಪಿಎಸ್ ಬ್ಯಾಟರಿ ಹಳೆಯದಾಗಿ ಎರಡು ಸಲ ಮಷಿನ್ ಧಡಕ್ಕನೆ ನಿಂತಿತು. ಎರಡೂ ಸಲ ತಾನೇ ಎದ್ದು, ಬಿಟ್‌ಮ್ಯಾಪ್ ನೋಡಿಕೊಂಡು, ಬೇಗ ಸರಿಯಾಯಿತು. ಮೂರನೇ ಸಲ ಮಾತ್ರ ಏಳಲೇ ಇಲ್ಲ. ರೇಡ್ ಹೋಯಿತು ಅಂದುಕೊಂಡೆ. ನೋಡಿದರೆ ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್, ಸಿಆರ್2032, ಖಾಲಿಯಾಗಿತ್ತು. ಬಯಾಸ್ ತನ್ನ ಸೆಟ್ಟಿಂಗ್ ಮರೆತು, ಪೆನ್ ಡ್ರೈವಿನಿಂದ ಬೂಟ್ ಆಗಲು ಕೂತಿತ್ತು. ಪೆನ್ ಡ್ರೈವ್ ತೆಗೆದು, ಹೊಸ ಸೆಲ್ ಹಾಕಿ, ಎರಡೂ ಡಿಸ್ಕುಗಳನ್ನು ಬೂಟ್ ಸಾಲಿನಲ್ಲಿ ಮುಂದಿಟ್ಟ ಮೇಲೆ ಆ ತೊಂದರೆ ಬಂದಿಲ್ಲ. ಹಳೇ ಮಷಿನ್ನಿಗೆ ಕೈಹಾಕುವವರು ಮೊದಲ ದಿನವೇ ಈ ಸೆಲ್ ಬದಲಿಸಿ.

ಆಗಸ್ಟಿನಲ್ಲಿ ಒಂದು ಡಿಸ್ಕು ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 199ನೇ ಸಾಲಿನ ಅಂಕಿ ಏರುತ್ತಿತ್ತು. ಆ ಸಾಲು ಸಿಆರ್‌ಸಿ ತಪ್ಪಿನದು, ಅಂದರೆ ಡೇಟಾ ದಾರಿಯಲ್ಲಿ ಕೆಡುತ್ತಿದೆ ಅಂತ. ಅಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಡಿಸ್ಕನ್ನಲ್ಲ, ಕೇಬಲನ್ನು. ಹಳೇ ಸಾಟಾ ಕೇಬಲ್ ತೆಗೆದು ನೋಡಿದರೆ ತುದಿಯ ಹೊಳಪು ಹೋಗಿ ಮಂಕಾಗಿತ್ತು. ನಮ್ಮ ಮಳೆಗಾಲದ ಥಂಡಿಗೆ ಲೆನ್ಸಿಗೇ ಬೂಸಲು ಹಿಡಿಯುತ್ತದೆ, ಕೇಬಲಿನ ತುದಿ ಉಳಿಯುತ್ತದೆಯೇ? ಎರಡೂ ಕೇಬಲ್ ಹೊಸದು ಹಾಕಿದೆ. ಅಂಕಿ ಅಲ್ಲಿಗೇ ನಿಂತಿದೆ. 5 ಮತ್ತು 197ನೇ ಸಾಲು ಮಾತ್ರ ಸೊನ್ನೆಯಲ್ಲೇ ಇರಬೇಕು, ಅವು ಏರಿದರೆ ಡಿಸ್ಕಿನ ತಟ್ಟೆಯೇ ಕೆಡುತ್ತಿದೆ ಅಂತ ಅರ್ಥ. ನನ್ನ ಎರಡೂ ಡಿಸ್ಕಿನಲ್ಲಿ ಇವತ್ತಿಗೂ ಸೊನ್ನೆ.

ಎಂಡಿಎಡಿಎಂ ಬಗ್ಗೆ ನನ್ನ ತಕರಾರು ಒಂದಿದೆ. ಡಿಸ್ಕು ಹೋದರೆ ಅದು ಇಮೇಲ್ ಕಳಿಸಲು ನೋಡುತ್ತದೆ. ಆದರೆ ನನ್ನಂಥವರ ಮಷಿನ್ನಿನಲ್ಲಿ ಮೇಲ್ ಹೊರಗೆ ಹೋಗುವ ವ್ಯವಸ್ಥೆ ಇರುವುದಿಲ್ಲ. ಒಂದು ಡಿಸ್ಕು ಸತ್ತು, ಇನ್ನೊಂದರ ಮೇಲೆ ತಿಂಗಳುಗಟ್ಟಲೆ ಸದ್ದಿಲ್ಲದೆ ಓಡುತ್ತಿದ್ದರೂ ಅಂಗಡಿಯಲ್ಲಿ ಯಾರಿಗೂ ಗೊತ್ತಾಗದು. ಇದು ಸಣ್ಣ ಕೊರತೆ ಅಲ್ಲ. ಹುಡುಗ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದುಕೊಟ್ಟ. 'ಯು' ಒಂದು ಕಡಿಮೆಯಾದರೆ ಫೋಟೋ ಫೋಲ್ಡರಿನ ಮೇಲ್ಗಡೆಯೇ 'ಡಿಸ್ಕು ಹೋಗಿದೆ' ಎಂಬ ಫೈಲು ಹುಟ್ಟುತ್ತದೆ. ಎಡಿಟಿಂಗ್ ಮಷಿನ್ನಿನಿಂದ ಫೋಲ್ಡರ್ ತೆಗೆದವರಿಗೆ ಕಂಡೇ ಕಾಣುತ್ತದೆ. ತಿಂಗಳಿಗೊಮ್ಮೆ ಎರಡೂ ಡಿಸ್ಕನ್ನು ಪೂರ್ತಿ ಓದಿ ತಾಳೆ ನೋಡುವ ಕೆಲಸವನ್ನು ಡೆಬಿಯನ್ ತಾನೇ ಮಾಡುತ್ತದೆ, ಮೊದಲ ಭಾನುವಾರ ನಡುರಾತ್ರಿ ಕಳೆದ ಮೇಲೆ. ಆ ಹೊತ್ತಿಗೆ ನನ್ನ ಮಷಿನ್ ಆಫ್ ಆಗಿರುತ್ತದೆ. ಆರು ತಿಂಗಳಾದ ಮೇಲೆ ಗೊತ್ತಾಯಿತು, ಒಂದು ಸಲವೂ ತಾಳೆ ನೋಡಿಲ್ಲ ಅಂತ. ಈಗ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನಾನೇ ಶುರುಮಾಡುತ್ತೇನೆ.

ಇದನ್ನು ಬ್ಯಾಕಪ್ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಕಳೆದ ವರ್ಷ ಅಂಗಡಿಯಲ್ಲಿ ಕೆಲಸಕ್ಕಿರುವವನು ಒಂದು ಉಪನಯನದ ಫೋಲ್ಡರನ್ನು ಕೈತಪ್ಪಿ ಅಳಿಸಿದ. ಎರಡು ಡಿಸ್ಕಿನಿಂದಲೂ ಅದೇ ಕ್ಷಣ ಅಳಿಸಿಹೋಯಿತು. ಮಿರರ್ ಅಂದರೆ ಹಾಗೇ, ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಎರಡೂ ಕಡೆ ಬರೆಯುತ್ತದೆ. ಕ್ಯಾಮೆರಾ ಕಾರ್ಡು ಇನ್ನೂ ಫಾರ್ಮ್ಯಾಟ್ ಆಗಿರಲಿಲ್ಲ, ಅದರಿಂದ ಬಚಾವಾದೆವು. ಅಳಿಸಿದವನು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಅಂದಿನಿಂದ ಎರಡು ಎಕ್ಸ್‌ಟರ್ನಲ್ ಡಿಸ್ಕು ಇಟ್ಟಿದ್ದೇನೆ. ಒಂದು ಅಂಗಡಿಯಲ್ಲಿ ತುಂಬುತ್ತಿರುತ್ತದೆ. ಇನ್ನೊಂದು ದೇವಿಮನೆ ಘಟ್ಟ ಇಳಿದು ಕುಮಟಾದ ತಂಗಿಯ ಮನೆಯಲ್ಲಿ. ಅಲ್ಲಿ ಸಮುದ್ರದ ಗಾಳಿ, ಕಬ್ಬಿಣಕ್ಕೆ ಬೇಗ ತುಕ್ಕು. ಅದಕ್ಕೆ ಲೆನ್ಸ್ ಇಡುವ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಲು ಹೇಳಿದ್ದೇನೆ. "ಅಣ್ಣಾ, ನಿನ್ನ ಡಬ್ಬಿ ಬಂಗಾರದ ಪಕ್ಕದಲ್ಲೇ ಇಟ್ಟಿದ್ದೆ" ಅಂತ ಅವಳು ಫೋನಿನಲ್ಲಿ ಹೇಳಿದಳು. ತಿಂಗಳಿಗೊಮ್ಮೆ ಡಿಸ್ಕು ಅದಲುಬದಲು. ಈ ತಿಂಗಳದ್ದು ನಿನ್ನೆ ಬೆಳಗಿನ ಬಸ್ಸಿಗೆ ಹೋಯಿತು.